ಎಲಿಕಾಟ್ ಸಿಟಿಯ ಆ ಊಟದ ವಿಚಾರ

ಹರ್ನ್‌ಡನ್, ಮಂಗಳವಾರ

ಮ್ಯಾನೇಜರ್ ಪದ್ಮನಾಭ ಅವರಿಗೆ ಶ್ರಾವಣಿಯ ಸೋದರಮಾವ ತ್ಯಾಗರಾಜನ ನಮಸ್ಕಾರ.

ತಾವು ಮೈಸೂರಿನವರೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ಕುದುರಿಸಿದ್ದು ನಲವತ್ತೊಂದು ಮದುವೆ.

ಶ್ರಾವಣಿ ಎಲಿಕಾಟ್ ಸಿಟಿಯ ಹೋಟೆಲಿನಲ್ಲಿ ನಿಮ್ಮ ಎದುರಾಳಿ ಕಂಪನಿಯ ಪ್ರತಾಪನ ಜೊತೆ ಊಟಕ್ಕೆ ಕೂತದ್ದನ್ನು ಯಾರೋ ನೋಡಿದರಂತೆ. ಎರಡೂ ಸ್ನೋಮೊಬೈಲ್ ಕಂಪನಿಗಳು ಕೈಜೋಡಿಸುತ್ತವೆ ಎಂದು ಗುಲ್ಲೆದ್ದಿತಂತೆ. ಗುಟ್ಟು ಬಿಟ್ಟುಕೊಟ್ಟಳೆಂದು ನೀವು ಅವಳನ್ನು ಮನೆಯಲ್ಲಿ ಕೂರಿಸಿದ್ದೀರಿ.

ಸ್ವಾಮೀ, ಅದು ಹೆಣ್ಣು ನೋಡುವ ಶಾಸ್ತ್ರ! ಹುಡುಗ ಯಾವ ಕಂಪನಿಯವನೆಂದು ನಾನೇ ಅವಳಿಗೆ ಹೇಳಿರಲಿಲ್ಲ. ಪಕ್ಕದ ಟೇಬಲಿನಲ್ಲಿ ಮೆನು ಕಾರ್ಡು ಮುಖಕ್ಕೆ ಹಿಡಿದು ಎಲ್ಲ ಕೇಳಿಸಿಕೊಂಡೆ. "ಅಡುಗೆ ಬರುತ್ತಾ?" ಅಂದ. "ನಿಮಗೆ ಬರುತ್ತಾ?" ಅಂದಳು. ನಿಮ್ಮ ಹಿಮದ ಗಾಡಿಯ ಮಾತೇ ಬರಲಿಲ್ಲ.

ಹುಡುಗ ಒಪ್ಪಿದ್ದಾನೆ. ಇವಳಿಗೂ ಮನಸ್ಸಿದೆ. ಆದರೆ, "ಕೆಲಸ ಹೋದರೆ ವೀಸಾನೂ ಹೋಗುತ್ತೆ, ಆಗ ಒಪ್ಪಲ್ಲ ಮಾವ, ವೀಸಾಕ್ಕಾಗಿ ಮದುವೆಯಾದಳು ಅಂತಾರೆ" ಅನ್ನುತ್ತಾಳೆ. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನಾನು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೇನೆ.

ತಪ್ಪು ನನ್ನದೆಂದು ಫೈಲಿನಲ್ಲಿ ಬರೆದುಕೊಳ್ಳಿ. ಕೆಲಸಕ್ಕೆ ಬಾ ಎಂದು ಶುಕ್ರವಾರದೊಳಗೆ ಅವಳಿಗೊಂದು ಫೋನ್ ಮಾಡಿ. ಕಾಯುತ್ತೇನೆ ಅಂತ ಹುಡುಗ ಹೇಳಿದ್ದಾನೆ. ನನ್ನ ಕೈಲಿ ಆಗುತ್ತಿಲ್ಲ.

ನಿಮ್ಮ ಒಂದು ಫೋನಿಗೆ ಕಿವಿಗೊಟ್ಟಿರುವ,
ತ್ಯಾಗರಾಜ

ಪಕ್ಕದ ಟೇಬಲಿನ ವಿಷಯ ಮಾತ್ರ ಅವಳಿಗೆ ಹೇಳಬೇಡಿ. ಇನ್ನೂ ಗೊತ್ತಾಗಿಲ್ಲ.