ನಾಲ್ಕನೇ ಜ್ವರದ ಸಿನಿಮಾ

ಮಾವ, ನಿಮ್ಮ ಸೊಸೆ ಅಕ್ಕೂರಿನ ಮನೆಯಿಂದಲೇ ಬರೆಯುತ್ತಿದ್ದೇನೆ.

ಹೋದ ವಾರ ಕಾಲೇಜಿನಲ್ಲಿ ಪಾಠ ಮಾಡುವಾಗ ಮಕ್ಕಳಿಗೆ ಪಠ್ಯದ ಆ ಇಂಗ್ಲಿಷ್ ನಾಟಕಕಾರನ ಚಿತ್ರ ತೋರಿಸಿದೆ. ಮುಂದಲೆ ಬೋಳು, ಕತ್ತಿನ ಸುತ್ತ ನೆರಿಗೆಯ ಬಿಳಿ ಪಟ್ಟಿ. ಅದನ್ನು ಮೊದಲ ಸಲ ನೋಡಿದಾಗ ನೀವು ಕೇಳಿದ್ದು ಜ್ಞಾಪಕಕ್ಕೆ ಬಂತು: "ಇವ್ನ್ಯಾಕವ್ವ ಕತ್ಗೆ ಚಂದ್ರಿಕೆ ಕಟ್ಕೊಂಡವ್ನೆ?" ರೇಷ್ಮೆಹುಳು ಗೂಡು ಕಟ್ಟುವ, ಸುರುಳಿ ಸುರುಳಿ ಪಟ್ಟಿಯ ಬಿದಿರಿನ ಚಂದ್ರಿಕೆ ನಮ್ಮ ಕಡೆ ಯಾವ ಮಕ್ಕಳಿಗೆ ಗೊತ್ತಿಲ್ಲ? ಹೇಳಿದೆ, ಇಡೀ ತರಗತಿ ನಕ್ಕಿತು. ನಾನೂರು ವರ್ಷದ ಹಿಂದಿನ ಆ ಮನುಷ್ಯನ ಬಗ್ಗೆ ಮಕ್ಕಳಿಗಿದ್ದ ಹೆದರಿಕೆ ಅವತ್ತೇ ಅರ್ಧ ಇಳಿಯಿತು.

ನಾವಿಬ್ಬರೂ ನನ್ನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡಲು ಶುರುಮಾಡಿದ್ದು ಹುಳದ ಮನೆಯಲ್ಲೇ ಅಲ್ಲವೇ? ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ಮುಟ್ಟದೆ ತಲೆಯೆತ್ತಿ ಮಲಗುತ್ತವಲ್ಲ, ಆ 'ಜ್ವರ'ದ ದಿನ ಮಾತ್ರ ನಿಮಗೂ ಬಿಡುವು. ಪ್ರತಿ ಬೆಳೆಯಲ್ಲೂ ಮೂರನೇ ಜ್ವರಕ್ಕೊಂದು ಸಿನಿಮಾ, ನಾಲ್ಕನೇ ಜ್ವರಕ್ಕೊಂದು. ಎಲ್ಲವೂ ಆ ನಾಟಕಕಾರನ ಕಥೆಗಳೇ. ಭಾಷೆ ಯಾವುದಾದರೂ ಇರಲಿ, ಪಕ್ಕದಲ್ಲಿ ಕೂತು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಜವಳಿಗಳು ಅದಲುಬದಲಾಗುವ ಕಥೆ ನೋಡಿ ನೀವು ಸಿಟ್ಟಾದಿರಿ.

"ನಮ್ಮೋರ್ ಡಬಲ್ ಆಕ್ಟಿಂಗ್ ಪಿಚ್ಚರ್ನ ಕದ್ದವ್ನೆ ಕಣವ್ವ!"

"ಮಾವ, ಅವನು ನಾನೂರು ವರ್ಷದ ಹಿಂದಿನವನು."

"ಹಂಗಾದ್ರೆ ನಮ್ಮೋರೇ ಕದ್ದವ್ರೆ, ಬುಡು. ಚೆಂದಾಗೈತೆ, ಮುಂದಕ್ ಹಾಕು."

ಊರಿನ ಪೌರಾಣಿಕ ನಾಟಕದಲ್ಲಿ ಗದೆ ಹಿಡಿದು ಕುಣಿದವರು ನೀವು. ರಾಜರು ಸಾಯುವಾಗ ಉದ್ದುದ್ದ ಮಾತಾಡಿದರೆ "ಸಾಯಾಕೆ ಇಷ್ಟೊತ್ತೇನ್ಲಾ?" ಎಂದು ರೇಗುತ್ತಿದ್ದಿರಿ. ನಾನು ಎಂ.ಎ.ಯಲ್ಲಿ ಟಿಪ್ಪಣಿ ಗಟ್ಟಿ ಮಾಡಿ ಪಾಸಾದವಳು. ಅವನನ್ನು ನಗುತ್ತಾ ಓದಬಹುದೆಂದು ತಿಳಿದದ್ದು ನಿಮ್ಮಿಂದ.

ಹೋದ ವರ್ಷ ನಾಲ್ಕನೇ ಜ್ವರಕ್ಕೆ ನೋಡಿದೆವಲ್ಲ, ಆ ಕರ್ಚೀಫಿನ ಕಥೆ... ಯಾರೋ ಕಿವಿ ಚುಚ್ಚಿದ್ದನ್ನು ನಂಬಿ, ಒಂದು ಕರ್ಚೀಫನ್ನೇ ಸಾಕ್ಷಿ ಮಾಡಿಕೊಂಡು, ಗಂಡ ಹೆಂಡತಿಯನ್ನೇ ಕೊಲ್ಲುತ್ತಾನೆ. ಆ ದಿನ ನೀವು ನಗಲಿಲ್ಲ. "ಅವಳ್ನೇ ಒಸಿ ಕೂರಿಸ್ಕಂಡು ಕೇಳ್ಬಾರ್ದಾಗಿತ್ತಾ?" ಅಂದಿರಿ. ಆಮೇಲೆ, "ನಾನೂ ತಮ್ಮನ್ನ ಕೇಳ್ನಿಲ್ಲ ಕಣವ್ವ. ಈ ಬೆಳೆ ಗೂಡಾಗ್ಲಿ, ಹೋಗಿ ಕೇಳ್ತೀನಿ" ಅಂದಿರಿ.

ಏನನ್ನು ಕೇಳಬೇಕೆಂದಿದ್ದಿರಿ ಅನ್ನುವುದು ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದ ವರ್ಷ, ಬೆಳೆಗೆ ಬಂದಿದ್ದ ಹುಳುವೆಲ್ಲ ಹಸಿರು ಕಕ್ಕಿ ಒಂದೇ ದಿನದಲ್ಲಿ ಸತ್ತವು. ಹಿಂದಿನ ದಿನ ಪಕ್ಕದ ಹೊಲದಲ್ಲಿ ನಿಮ್ಮ ತಮ್ಮ, ಚಿಕ್ಕಮಾವ, ಟೊಮೆಟೊಗೆ ಔಷಧಿ ಹೊಡೆದಿದ್ದರು. ಬೇಕೆಂದೇ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೂ ಬೀಳುವಂತೆ ಹೊಡೆದರು ಅಂತ ನೀವು ತೀರ್ಮಾನಿಸಿಬಿಟ್ಟಿರಿ. ಒಡಹುಟ್ಟಿದ ತಮ್ಮನ ಜೊತೆ ಒಂಬತ್ತು ವರ್ಷ ಮಾತಿಲ್ಲ.

ಹುಳು ಕೊಂದವಳು ನಾನು, ಮಾವ. ರಾಮನಗರ ಪೇಟೆಯಲ್ಲಿ ಬೆಳೆದವಳಿಗೆ ಸೊಳ್ಳೆ ತಡೆಯಲಾಗಲಿಲ್ಲ. ಹುಳದ ಮನೆಗೆ ಅಂಟಿಕೊಂಡಿದ್ದ ನಮ್ಮ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಟ್ಟು ಮಲಗಿದ್ದೆ. ಅದರ ಹೊಗೆ ರೇಷ್ಮೆಹುಳುವಿಗೆ ವಿಷ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ರೇಷ್ಮೆ ಇಲಾಖೆಯವರ ಸಭೆಯಲ್ಲಿ. ಆವತ್ತೇ ಹೇಳಬೇಕಿತ್ತು. ನೀವು ಕರ್ಚೀಫಿನ ಕಥೆ ನೋಡಿ ಹಾಗಂದಾಗಲಾದರೂ... ಬಾಯಿ ಬರಲಿಲ್ಲ. ಆ ಸಿನಿಮಾ ನೋಡಿದ ಮೂರನೇ ದಿನ ಸೊಪ್ಪು ಕುಯ್ಯಲು ಹೋದವರು ಹೊಲದಲ್ಲೇ ಕುಸಿದಿರಿ. ನಿಮ್ಮನ್ನು ಮಣ್ಣು ಮಾಡುವಾಗ ಚಿಕ್ಕಮಾವ ದೂರದಲ್ಲಿ, ಬೇಲಿ ಪಕ್ಕ ನಿಂತಿದ್ದರು. ಅದನ್ನು ನೋಡಿಯೂ ಸುಮ್ಮನಿದ್ದ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೊನ್ನೆ ಭಾನುವಾರ ಅವರ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಾಪೆ ಹಾಸಿದರು.

"ನಂಗೊತ್ತಿತ್ತು ಕಣವ್ವ. ಅವತ್ತೇ ನಿಮ್ ತಿಪ್ಪೇಲಿ ಸೊಳ್ಳೆಬತ್ತಿ ಚೂರು ಬಿದ್ದಿದ್ದ ನೋಡ್ದೆ."

"ಮತ್ತೆ ಯಾಕೆ ಹೇಳಲಿಲ್ಲ ಚಿಕ್ಕಮಾವ?"

"ನೀನು ಹೊಸ ಸೊಸೆ. ಅಣ್ಣನ ಕ್ವಾಪ ಎಂಥದ್ದು ಅಂತ ಗೊತ್ತಲ್ಲ. ತವರಿಗೆ ಕಳ್ಸ್‌ಬುಟ್ರೆ ಏನ್ ಮಾಡ್ತಿದ್ದೆ? ನನ್ ಮೇಲೇ ಇರ್ಲಿ ಅಂತ ಸುಮ್ಕಾದೆ. ಒಂದೆರಡ್ ತಿಂಗ್ಳಲ್ಲಿ ಅವ್ನೇ ಸರಿಹೋಗ್ತಾನೆ ಅನ್ಕಂಡೆ."

ಇದು ನೀವು ಕೇಳದೇ ಹೋದ ಸುದ್ದಿ, ಮಾವ. ನಾನು ನಿಮ್ಮ ಮನೆಯಲ್ಲಿ ಉಳಿಯಲಿ ಎಂದು ನಿಮ್ಮ ತಮ್ಮ ನಿಮ್ಮನ್ನೇ ಬಿಟ್ಟುಕೊಟ್ಟರು.

ನಿನ್ನೆ ನಿಮ್ಮ ಮಗನಿಗೂ ಹೇಳಿದೆ. ಎರಡು ಹೊತ್ತು ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಆಮೇಲೆ ಎದ್ದು ಹೋಗಿ ಚಿಕ್ಕಮಾವನನ್ನು ಕರೆದುಕೊಂಡು ಬಂದರು. ಮುಂದಿನ ತಿಂಗಳು ನಿಮ್ಮ ವರ್ಷದ ತಿಥಿ. ನೆಂಟರೆಲ್ಲ ಸೇರಿದಾಗ, ಊಟಕ್ಕೆ ಎಲೆ ಹಾಕುವ ಮುಂಚೆ, ಎಲ್ಲರೆದುರು ಇದನ್ನೆಲ್ಲ ನಾನೇ ಹೇಳುತ್ತೇನೆ. ಅವತ್ತು ನಿಮ್ಮ ಎಡೆ ಇಡುವವರು ಚಿಕ್ಕಮಾವ.