ಬಾನಿಗೆ ಸುರಿದ ನೀರು

ಜಯಪುರ
೨೩-೭-೨೦೦೬, ಭಾನುವಾರ

ಪ್ರೀತಿಯ ವನಮಾಲಕ್ಕನಿಗೆ,

ನಿನ್ನ ತಂಗಿ ನಯನಾಳ ನಮಸ್ಕಾರ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯಲು ಕೂತು ಎರಡು ಸಲ ಹರಿದು ಒಲೆಗೆ ಹಾಕಿದ್ದೇನೆ, ತಡವಾದದ್ದು ಅದಕ್ಕೇ. ಕೋಪ ಮಾಡಿಕೊಳ್ಳಬೇಡ. ಒಂದು ಫೋನ್ ಮಾಡಬಾರದಿತ್ತೇ ಅನ್ನುತ್ತೀಯ. ಯುಗಾದಿ ಕಳೆದ ವಾರವೇ ಇವರು ಫೋನನ್ನು ವಾಪಸ್ ಕೊಟ್ಟು ಬಂದರು. ಈಗ ಮನೆಯವರೆಲ್ಲ ನಾಟಿಗೆ ಹೋಗಿದ್ದಾರೆ, ನಿಶ್ಚಿತಾ ಮಲಗಿದ್ದಾಳೆ. ಅವಳು ಏಳುವುದರೊಳಗೆ ಮುಗಿಸಬೇಕು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ನಾನು ಸರಿಯಾಗಿ ನಿದ್ದೆ ಮಾಡಿ ಎರಡು ವಾರವಾಯಿತು.

ಇವರ ವ್ರತದ ವಿಷಯ ನಿನಗೆ ಗೊತ್ತೇ ಇದೆ. ಯಾವುದೋ ಶಿಬಿರಕ್ಕೆ ಹೋಗಿ ಬಂದವರು, ಒಂದು ವರ್ಷ ಅಂಗಡಿಯ ಸಾಮಾನು ಮನೆಯೊಳಗೆ ಬರಬಾರದು ಅಂದರು. ಉಪ್ಪು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಅಷ್ಟೇ. ಅಕ್ಕಿ ನಮ್ಮದು, ತರಕಾರಿ ನಮ್ಮದು, ಕೋಳಿ ನಮ್ಮದು, ಹಾಲಿಗೆ ನಮ್ಮ ಹಸು ಕೆಂದಿ, ಮಾಂಸಕ್ಕೆ ಕಾಡು. ಮೊದಮೊದಲು ನನಗೂ ಹುರುಪಿತ್ತು. ಬಸಳೆ ಚಪ್ಪರ ಹಾಕಿದ್ದು ನಾನೇ. ನಾಲ್ಕು ಏರಿ ಗೆಣಸು ನೆಟ್ಟೆ. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಇಲ್ಲಿ ನಾಲ್ಕು ತಿಂಗಳಲ್ಲಿ ಕಲಿತೆ ಅಂತ ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳಲ್ಲ.

ಗೆಣಸಿನ ಏರಿಗೆ ಹಂದಿ ಬಿದ್ದಾಗ ಇವರು ಅಜ್ಜನ ಕೋವಿ ಇಳಿಸಿದರು. ಗುರಿ ಹಿಡಿಯಲು ಕಲಿಸಿದ್ದು ಪಕ್ಕದ ಮನೆಯ ಮಹೇಶ್ವರಣ್ಣ. ಈ ಸುತ್ತಿನಲ್ಲಿ ಅವರಷ್ಟು ಶಿಕಾರಿ ಬಲ್ಲವರಿಲ್ಲ. ಹಂದಿ ಹೊಡೆಯುವುದು ಕಾನೂನಿಗೆ ವಿರುದ್ಧ, ಅದೂ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಇಲ್ಲಿಯ ಪದ್ಧತಿ ಹೀಗೆ: ಮೊದಲು ತಾಗಿದ ಗುಂಡು ಯಾರದೋ ಹಂದಿಯ ತಲೆ ಅವರದು, ಉಳಿದದ್ದು ಸಮಪಾಲು, ಓಡಿದ ನಾಯಿಗಳಿಗೂ ಒಂದೊಂದು ಪಾಲು.

ಈ ತಿಂಗಳ ಮೊದಲ ವಾರ ಒಂದು ದೊಡ್ಡ ಹಂದಿ ಬಿತ್ತು. ಮೊದಲು ಕೋವಿ ಹಾರಿಸಿದ್ದು ಇವರೇ, ಹಿಂದೆಯೇ ಮಹೇಶ್ವರಣ್ಣ. ಆದರೆ ಹಂದಿಯ ಮೈಯಲ್ಲಿ ಇದ್ದದ್ದು ಒಂದೇ ತೂತು. ತಲೆ ನನ್ನದು ಅಂತ ಇವರು ಹಟ ಹಿಡಿದರಂತೆ. ಮಹೇಶ್ವರಣ್ಣ ನಕ್ಕು, "ನಿನ್ನ ಗುಂಡು ಬಿದ್ದಿದ್ದು ಬಗನಿ ಮರಕ್ಕೆ ಮಾರಾಯ. ಬೇಕಾದ್ರೆ ಮರದ ತಲೆ ಕಡ್ಕೊಂಡು ಹೋಗು" ಅಂದರಂತೆ. ಎಲ್ಲರೂ ನಕ್ಕಿದ್ದಾರೆ. ಇವರು ತಲೆಯನ್ನು ಹೆಗಲಿಗೇರಿಸಿಕೊಂಡು ಬಂದೇಬಿಟ್ಟರು. ಹಿಂದಿನಿಂದ ಮಹೇಶ್ವರಣ್ಣ ಬೇಲಿಯವರೆಗೂ ಬಂದು, "ಕದ್ದ ತಲೆ ಅದು. ಹೆಂಗೆ ಅರಗಿಸ್ಕೊಳ್ತೀಯೋ ನಾನೂ ನೋಡ್ತೀನಿ" ಅಂತ ಕೂಗಿದ್ದನ್ನು ನಾನೇ ಕೇಳಿದೆ. ನಾಟಿಗೆ ಬಂದ ಆಳುಗಳೂ ಕೇಳಿದರು.

ಅದಾದ ಮೂರನೆಯ ದಿನ ಕೆಂದಿ ಸತ್ತಿತು.

ಬೆಳಿಗ್ಗೆ ಮೇಯಲು ಹೋದದ್ದು ಮಧ್ಯಾಹ್ನ ಮನೆಗೆ ಬಂತು, ಕೊಟ್ಟಿಗೆಯ ಬಾನಿಯಲ್ಲಿದ್ದ ಕಲಗಚ್ಚು ಕುಡಿಯಿತು, ಅರ್ಧ ಗಂಟೆಯಲ್ಲಿ ಕಾಲು ನಡುಗಿ ಬಿದ್ದುಬಿಟ್ಟಿತು. ಬಾಯಲ್ಲಿ ನೊರೆ. ಉಸಿರಿಗೆ ಅದು ಪಟ್ಟ ಪಾಡು ನೋಡಲಾಗಲಿಲ್ಲ. ಇವರು ಅದರ ಕುತ್ತಿಗೆ ತಬ್ಬಿಕೊಂಡು ಅತ್ತದ್ದನ್ನು ನೋಡಿದೆ. ಮದುವೆಯಾಗಿ ಮೂರು ವರ್ಷದಲ್ಲಿ ಇವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಮಹೇಶ್ವರಣ್ಣ ಹಿಂದೊಮ್ಮೆ ಹಂದಿಗೆ ಅಂತ ಹಲಸಿನ ಹಣ್ಣಿನಲ್ಲಿ ವಿಷ ಇಟ್ಟಿದ್ದರಂತೆ. ಅತ್ತೆ ಅದನ್ನು ನೆನಪಿಸಿದರು. ಇವರು ಎದ್ದು ನಿಂತು, "ಬೇಲಿ ಪಕ್ಕ ಹಣ್ಣು ಎಸೆದು ಕೊಂದಿದ್ದಾನೆ. ನಾನು ಹೊಡೆದ ತಲೆಗೆ ನನ್ನ ಕೊಟ್ಟಿಗೆಯ ತಲೆ ತಗೊಂಡ" ಅಂದರು.

ಅಕ್ಕಾ, ಕೊಂದದ್ದು ನಾನು.

ಹಿಂದಿನ ದಿನ ಇವರು ಒಂದು ಹೆಡಿಗೆ ಕಳಲೆ ತಂದಿದ್ದರು. ಎಳೆ ಬಿದಿರು, ವರ್ಷಕ್ಕಾಗುವಷ್ಟು ಉಪ್ಪಿಗೆ ಹಾಕಿಡಲು. ಅದನ್ನು ಹೆಚ್ಚಿ ಮೂರು ದಿನ ನೀರು ಬದಲಿಸಿ ನೆನೆಸಬೇಕು, ಇಲ್ಲದಿದ್ದರೆ ವಿಷ. ಆ ರಾತ್ರಿಯೇ ಒಂದು ಹಂಡೆ ಹೆಚ್ಚಿ ನೆನೆಸಿದ್ದೆ. ಬೆಳಿಗ್ಗೆ ಅತ್ತೆ ಅಂಗಳದಿಂದ, "ಆ ನೀರು ದೂರ ಚೆಲ್ಲು ಕೂಸೇ, ದನದ ಬಾಯಿಗೆ ಸಿಗಬಾರ್ದು" ಅಂತ ಕೂಗಿದರು. "ಆಯ್ತು" ಅಂದೆ. ನಿಶ್ಚಿತಾ ಕಂಕುಳಲ್ಲಿ ಕಿರುಚುತ್ತಿದ್ದಳು, ನನ್ನ ಕಣ್ಣು ಎಳೆಯುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ, ಏನೂ ಹಾಳಾಗಬಾರದು, ಎಲ್ಲವೂ ಕೆಂದಿಯ ಬಾನಿಗೆ ಅನ್ನುವುದು ನಮ್ಮ ಮನೆಯ ಕಟ್ಟಳೆಯಲ್ಲವೇ. ಕೈ ತನ್ನಷ್ಟಕ್ಕೆ ಹಂಡೆ ಎತ್ತಿ ನೀರನ್ನೂ ಸುಲಿದ ಸಿಪ್ಪೆಯ ಚೂರನ್ನೂ ಬಾನಿಗೆ ಸುರಿಯಿತು. ಸುರಿದದ್ದು ನನಗೆ ನೆನಪಾದದ್ದೇ ಕೆಂದಿ ಬಿದ್ದ ಮೇಲೆ. ಓಡಿಹೋಗಿ ಬಾನಿಯನ್ನು ಮೂರು ಸಲ ತೊಳೆದೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರಕ್ಕೆ ಫಸ್ಟ್ ಕ್ಲಾಸ್ ಬಂದವಳು, ಆ ವಿಷದ ಸೂತ್ರವನ್ನು ಬೋರ್ಡಿನ ಮೇಲೆ ಬರೆದವಳು ನಾನು.

ಹೇಳುವುದಕ್ಕೆ ಬಾಯಿ ತೆರೆದೆ. ಆಗಲೇ ಇವರು ಬೇಲಿಯ ಹತ್ತಿರ ಹೋಗಿ ಕೂಗಾಡಲು ಶುರು ಮಾಡಿದ್ದರು. ಆಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಅನ್ನುವುದು ಬರಲೇ ಇಲ್ಲ.

ದನದ ಡಾಕ್ಟರನ್ನು ಕರೆಸಿ ಕೊಯ್ದು ನೋಡಿಸಲೂ ಆಗಲಿಲ್ಲ. ಅವರು ಬಂದರೆ ವಿಷ ಅಂತ ಬರೆಯುತ್ತಾರೆ, ಪೊಲೀಸರು ಬರುತ್ತಾರೆ, ಬಂದರೆ ಒಲೆಯ ಮೇಲೆ ಒಣಗಲು ಕಟ್ಟಿದ ಹಂದಿಯ ಮಾಂಸ ಕಾಣುತ್ತದೆ. ಇದೇ ಕಾರಣಕ್ಕೆ ಮಹೇಶ್ವರಣ್ಣನೂ ಸ್ಟೇಷನ್ನಿಗೆ ಹೋಗಲಾರರು. ಹೀಗಾಗಿ ಅತ್ತೆ, "ಚೌಡಮ್ಮನಿಗೇ ದೂರು ಕೊಡೋದು, ಅವಳೇ ನೋಡ್ಕೊಳ್ಲಿ" ಅಂದರು. ಅದರ ಮುಂದಿನ ಮಂಗಳವಾರ ನಾವೆಲ್ಲ ಅವಳ ಬನಕ್ಕೆ ಹೋಗಿ ಕಾಯಿ ಇಟ್ಟು, ಕೊಂದವರನ್ನು ಮೂರು ವಾರದೊಳಗೆ ತೋರಿಸಿಕೊಡು ಅಂತ ದೇವರ ಮುಂದೆ ಹೇಳಿ ಬಂದೆವು.

ದೂರು ಯಾರ ಮೇಲೆ ಅನ್ನುವುದು ಸಂಜೆಯೊಳಗೆ ಊರಿಗೇ ಗೊತ್ತಾಯಿತು. ಈಗ ಮಹೇಶ್ವರಣ್ಣನನ್ನು ಶಿಕಾರಿಗೆ ಯಾರೂ ಕರೆಯುವುದಿಲ್ಲ. ಅದಿರಲಿ, ಅವರ ಗದ್ದೆಯ ನಾಟಿಗೆ ಮುಯ್ಯಾಳಾಗಿ ಒಬ್ಬರೂ ಹೋಗಲಿಲ್ಲ. ಅವರು ಎಲ್ಲರ ಗದ್ದೆಗೂ ಹೋಗಿ ದುಡಿದಿದ್ದರು. ಸಸಿ ಮಡಿಯಲ್ಲೇ ಬಲಿತು ಹಳದಿಯಾಗುತ್ತಿದೆ. ಗಂಡ ಹೆಂಡತಿ ಇಬ್ಬರೇ ಬಗ್ಗಿ ನೆಡುವುದು ನಮ್ಮ ಅಡಿಗೆಮನೆಯ ಕಿಟಕಿಗೆ ಕಾಣುತ್ತದೆ. ದಿನಕ್ಕೆ ಗದ್ದೆಯ ಒಂದು ತುಂಡೂ ಮುಗಿಯುವುದಿಲ್ಲ. ನಾನು ಕಿಟಕಿ ಮುಚ್ಚಿಕೊಂಡು ಅಡಿಗೆ ಮಾಡುತ್ತೇನೆ.

ನಿಶ್ಚಿತಾಳಿಗೆ ಈಗ ಹದಿನಾಲ್ಕು ತಿಂಗಳು. ಮಾರ್ಚಿನಲ್ಲಿ ನನಗೆ ಜ್ವರ ಬಂದಾಗಲೇ ಎದೆಹಾಲು ನಿಂತಿತು ಅಂತ ಬರೆದಿದ್ದೆ. ಕೊಪ್ಪದ ಡಾಕ್ಟರು ಹೋದ ತಿಂಗಳೇ, ತೂಕ ಸಾಲದು, ಹಾಲು ತಪ್ಪಿಸಬೇಡಿ ಅಂದಿದ್ದರು. ಪ್ಯಾಕೆಟ್ ಹಾಲನ್ನಾದರೂ ತನ್ನಿ ಅಂತ ಇವರ ಕಾಲು ಹಿಡಿಯುವಷ್ಟು ಮಾಡಿದೆ. "ಒಬ್ಬ ಒಂದು ಹಸು ಕೊಂದ ಅಂತ ನಾನು ಸೋತೆ ಅಂತ ಅನ್ನಿಸ್ಕೊಳ್ಲಾ? ಗಂಜಿ ಕುಡಿಸು. ನಾವೆಲ್ಲ ಗಂಜಿ ಕುಡಿದೇ ಬೆಳೆದಿದ್ದು. ದೀಪಾವಳಿಗೆ ಬೇರೆ ಹಸು ತರ್ತೀನಿ" ಅಂದರು. ಇವರು ಕೆಟ್ಟವರಲ್ಲ ಅಕ್ಕಾ. ಬಸಳೆ ಚಪ್ಪರದ ಕೆಳಗೆ ಮಗಳನ್ನು ಎತ್ತಿಕೊಂಡು, "ಇದು ನಿನ್ನ ಅಂಗಡಿ ಕಣೇ" ಅಂತ ತೋರಿಸುತ್ತಿದ್ದವರು. ಈಗ ಮಗುವಿನ ಮುಖವನ್ನೇ ಸರಿಯಾಗಿ ನೋಡುತ್ತಿಲ್ಲ.

ಇನ್ನೊಂದು ಹೇಳಬೇಕು. ಮಗಳಿಗೆ ಹಾಲು ಕೊಡುತ್ತಿರುವುದು ಶಾಂತಕ್ಕ, ಮಹೇಶ್ವರಣ್ಣನ ಹೆಂಡತಿ. ಕೆಂದಿ ಸತ್ತ ನಾಲ್ಕನೆಯ ದಿನ ಬೇಲಿಯ ಸಂದಿಯಿಂದ ಒಂದು ಲೋಟ ಚಾಚಿ, "ತಗಳೇ. ಗಂಡಸರ ಜಗಳಕ್ಕೂ ಕೂಸಿನ ಹೊಟ್ಟೆಗೂ ಎಂಥದೇ ಸಂಬಂಧ?" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ನಿನ್ನ ಗಂಡ ಹೇಳಿದ್ದನ್ನ ನೀನು ನಂಬಲ್ಲ ಅಂತ ನಂಗೊತ್ತು, ಅಳ್ಬೇಡ. ನಮ್ಮನೆಯವರು ಬಾಯಿ ಜೋರು, ಕೈ ಅಂಥದ್ದಲ್ಲ" ಅಂದರು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಲೋಟ. ನಾನು ದಿನಾ ಕೈ ಚಾಚುತ್ತೇನೆ. ಹೇಳಿದರೆ ಆ ಲೋಟ ನಿಂತುಹೋಗುತ್ತದೆ ಅನ್ನುವ ಭಯ. ಹೇಳದಿದ್ದರೆ ಅವರ ಗದ್ದೆ ಬೀಳು ಬೀಳುತ್ತದೆ.

ಅಕ್ಕಾ, ಈ ಕಾಗದ ಕಂಡ ಕೂಡಲೇ ಹೊರಟು ಬಾ. ನಿನ್ನ ಪಕ್ಕ ನಿಂತರೆ ನನಗೆ ಮಾತು ಬರಬಹುದು. ಮೊದಲು ಇವರಿಗಲ್ಲ, ಬೇಲಿಯಾಚೆಗೆ ಹೋಗಿ ಅವರಿಬ್ಬರಿಗೆ ಹೇಳಬೇಕು. ಆಮೇಲೆ ಇವರು ಮನೆಯಿಂದ ಹೊರಗೆ ಹಾಕಿದರೆ ಮಗಳನ್ನು ಕರೆದುಕೊಂಡು ನಿನ್ನ ಜೊತೆ ಕಡೂರಿಗೆ ಬರುತ್ತೇನೆ. ಬರುವಾಗ ಒಂದು ಡಬ್ಬಿ ಹಾಲಿನ ಪುಡಿ ತಾ. ಬಟ್ಟೆಯ ಚೀಲದ ಅಡಿಗೆ ಹಾಕು.

ಭಾವನಿಗೆ ನನ್ನ ನಮಸ್ಕಾರ. ರಾಕೇಶನಿಗೆ ಚಿಕ್ಕಮ್ಮನ ಆಶೀರ್ವಾದ. ಅವನು ಚೆನ್ನಾಗಿ ಉಂಡು ಚೆನ್ನಾಗಿ ಬೆಳೆಯಲಿ.

ನಿನ್ನ
ನಯನ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬನದಲ್ಲಿ ಕಾಯಿ ಇಟ್ಟ ಮೇಲೆ ಮನೆಯ ಪ್ರತಿಯೊಬ್ಬರೂ ದೂರಿನ ಮಾತನ್ನು ಬಾಯಿಬಿಟ್ಟು ಹೇಳಬೇಕಿತ್ತು. "ನಮ್ಮ ಹಾಲು ಕೊಂದವರ ಮಕ್ಕಳಿಗೆ ಹಾಲು ದಕ್ಕದೇ ಹೋಗಲಿ." ಅತ್ತೆ ಹೇಳಿದರು, ಇವರು ಹೇಳಿದರು. ಮೂರನೆಯವಳು ನಾನು. ಮಗಳು ನನ್ನ ಸೊಂಟದ ಮೇಲೆಯೇ ಇದ್ದಳು. ಸ್ಪಷ್ಟವಾಗಿ ಹೇಳಿದೆ ಅಕ್ಕಾ, ಒಂದಕ್ಷರವೂ ತಪ್ಪದಂತೆ. ಮೊನ್ನೆ ಗುರುವಾರದಿಂದ ಅವಳು ಕುಡಿದ ಹಾಲನ್ನೆಲ್ಲ ಕಾರಿಕೊಳ್ಳುತ್ತಿದ್ದಾಳೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಬೇರೆ ಹಸುವಿನ ಹಾಲು ಒಗ್ಗಿಲ್ಲ ಅಷ್ಟೇ ಅಂತ ನೂರು ಸಲ ಹೇಳಿಕೊಂಡೆ. ಶಾಂತಕ್ಕನಿಗೆ ಮೂರು ವರ್ಷದ ಮಗಳಿದ್ದಾಳೆ, ಸಿಂಚನ. ಇವತ್ತು ಬೆಳಿಗ್ಗೆ ಲೋಟ ಕೊಡುವಾಗ ಅಮ್ಮನ ಸೆರಗು ಹಿಡಿದು ನಿಂತಿದ್ದಳು, ಕೆನ್ನೆ ತುಂಬಿಕೊಂಡು. ಅವಳನ್ನು ನೋಡಿ ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಇವಳೂ ಒಂದು ಸಲ ಕಾರಿಕೊಳ್ಳಲಿ, ಆಗ ಆ ಶಾಪ ನಮ್ಮ ಮೇಲೆ ಬಿದ್ದದ್ದಲ್ಲ ಅಂತಾದರೂ ಗೊತ್ತಾಗುತ್ತದೆ. ಅಂದುಕೊಂಡು ಅದೇ ಕೈಯಲ್ಲಿ ಲೋಟ ತೆಗೆದುಕೊಂಡೆ. ಬೇಗ ಬಾ.