ಕುಸುಮಳ ಹುಟ್ಟುಹಬ್ಬದ ಬಣ್ಣದ ಮೆಕರೋನಿ

ಕಾರ್ಗಲ್ ಕಾಲೋನಿ
೯-೫-೧೯೬೫, ಭಾನುವಾರ

ಪೂಜ್ಯ ಅತ್ತಿಗೆ ವರದಮ್ಮನವರಿಗೆ ನಿಮ್ಮ ತಮ್ಮನ ಹೆಂಡತಿ ಮೂಕಾಂಬಿಕಾ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ಶಿವಮೊಗ್ಗದಲ್ಲಿ ಈ ಸಲ ಬಿಸಿಲು ಜೋರೆಂದು ಕೇಳಿದೆ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಳ್ಳಿ, ತಣ್ಣೀರಿನಲ್ಲಿ ಕಾಲಿಡಬೇಡಿ. ಮಂಡಿನೋವಿನ ದೆಸೆಯಿಂದಲೇ ನಮ್ಮ ಮಗಳು ಕುಸುಮಳ ಹುಟ್ಟುಹಬ್ಬಕ್ಕೆ ಬರಲಾಗಲಿಲ್ಲವೆಂದು ಬರೆದಿದ್ದಿರಿ. ಅದೇ ವಾರ ನೀವು ಮಹಿಳಾ ಸಮಾಜದವರ ಜೊತೆ ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿದ್ದನ್ನು ನಿಮ್ಮ ಊರಿನಿಂದ ಬಂದವರೊಬ್ಬರು ಬಹಳ ಚೆನ್ನಾಗಿ ವರ್ಣಿಸಿದರು. ಗುಡ್ಡ ಹತ್ತುವಾಗ ನೋಯದ ಮಂಡಿ ತಮ್ಮನ ಮನೆಯ ಮೆಟ್ಟಿಲಿಗೆ ಮಾತ್ರ ನೋಯುವುದೂ ಒಂದು ಬಗೆಯ ಕಾಯಿಲೆಯೇ. ಒಳ್ಳೆಯ ಡಾಕ್ಟರಿಗೆ ತೋರಿಸಿ. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮಗಳು ಶ್ಯಾಮಲ ಬಂದ ದಿನಕ್ಕಿಂತ ಈಗ ಮೈ ತುಂಬಿಕೊಂಡಿದ್ದಾಳೆ.

ಪಾರ್ಟಿಯ ಸಮಾಚಾರ ಬರೆಯಲು ಎರಡು ವಾರ ತಡವಾಯಿತು. ತಡ ಮಾಡಿದ್ದು ಬೇಕೆಂದೇ. ಕೋಪದಲ್ಲಿ ಬರೆದರೆ ನನ್ನ ಅಕ್ಷರ ಸೊಟ್ಟಗಾಗುತ್ತದೆ, ಆಮೇಲೆ ನೀವು ಅದನ್ನು ನಾಲ್ಕು ಜನಕ್ಕೆ ತೋರಿಸಿ ನಗುತ್ತೀರಿ. ಕೋಪ ಈಗಲೂ ಇಳಿದಿಲ್ಲ, ಅಕ್ಷರ ಮಾತ್ರ ನೆಟ್ಟಗಾಗಿದೆ. ಹೋದ ವರ್ಷದ ಹುಟ್ಟುಹಬ್ಬ ನಿಮಗೆ ಮರೆತಿರಬಹುದು. ಕಾಲೋನಿಯ ಮಕ್ಕಳನ್ನೆಲ್ಲ ಕರೆದು, ಜಗಲಿಯಲ್ಲಿ ಸಾಲಾಗಿ ಕೂರಿಸಿ, ಬಾಳೆಲೆಯಲ್ಲಿ ಒತ್ತುಶಾವಿಗೆ, ಕಾಯಿಹಾಲು ಬಡಿಸಿದ್ದೆ. ಮಕ್ಕಳು ಕೈ ನೆಕ್ಕಿಕೊಂಡು ತಿನ್ನುತ್ತಿದ್ದವು. ಆಗ ನೀವು ಅಣೆಕಟ್ಟಿನ ದೊಡ್ಡ ಎಂಜಿನಿಯರರ ಹೆಂಡತಿಯ ಕಡೆ ತಿರುಗಿ, ನನಗೂ ಕೇಳುವಷ್ಟು ಗಟ್ಟಿಯಾಗಿ, "ಪಾಪ, ನಮ್ಮ ಮೂಕಾಂಬಿಕಾಗೆ ತಿಥಿ ಊಟ ಯಾವ್ದು, ಬರ್ತ್‌ಡೇ ಪಾರ್ಟಿ ಯಾವ್ದು ಅಂತ್ಲೇ ಗೊತ್ತಿಲ್ಲ" ಅಂದಿರಿ. ಹೆಂಗಸರೆಲ್ಲ ನಕ್ಕರು. ನನ್ನ ಕೈಯಲ್ಲಿ ಕಾಯಿಹಾಲಿನ ಪಾತ್ರೆ ಇತ್ತು, ಇಲ್ಲದಿದ್ದರೆ ಆವತ್ತೇ ಏನಾದರೂ ಆಗುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಎಲ್ಲರೂ ಹೋದಮೇಲೆ ನಿಮ್ಮ ತಮ್ಮನನ್ನು ಕೂರಿಸಿಕೊಂಡು ತೀರ್ಪು ಕೊಟ್ಟಿರಿ: "ಈ ಮಗು ಇಲ್ಲಿದ್ರೆ ಹಾಳಾಗ್ತದೆ ಕಣೋ. ಬರೋ ವರ್ಷ ನಾಲ್ಕು ಜನ ಮೆಚ್ಚೋ ಹಾಗೆ ಒಂದು ಪಾರ್ಟಿ ಮಾಡಿ ತೋರಿಸ್ಲಿ ಇವ್ಳು, ಮಗು ಇಲ್ಲೇ ಇರ್ಲಿ. ಆಗ್ಲಿಲ್ವಾ, ಜೂನಿಂದ ನಮ್ಮನೆಗೆ ಕಳ್ಸು. ಕಾನ್ವೆಂಟಿಗೆ ಸೇರಿಸ್ತೀನಿ. ಶ್ಯಾಮಲಗೂ ಜೊತೆ ಆಗ್ತದೆ." ನಿಮ್ಮ ತಮ್ಮ ಹುಟ್ಟಿದಾಗಿನಿಂದ ನಿಮ್ಮ ಮಾತಿಗೆ ಇಲ್ಲ ಅಂದವರಲ್ಲ. ಹೂಂ ಅಂದರು. ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ.

ಜೊತೆಗೆಂದು ಮಗುವನ್ನು ಕರೆದುಕೊಂಡು ಹೋಗುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿದೆ ಅತ್ತಿಗೆ. ಅರಳಸುರಳಿಯಿಂದ ನನ್ನನ್ನೂ ಹೀಗೆಯೇ ತೀರ್ಥಹಳ್ಳಿಯ ನೆಂಟರ ಮನೆಗೆ ಕಳಿಸಿದ್ದರು. ನಮ್ಮ ಕಡೆ ಇದು ವಾಡಿಕೆ. ಪೇಟೆಯ ನೆಂಟರು ಬಂದು "ಓದಿಸ್ತೀವಿ" ಅನ್ನುತ್ತಾರೆ, ಹಳ್ಳಿಯವರು ಉಪಕಾರವಾಯಿತೆಂದು ಮಗುವಿನ ತಲೆ ಬಾಚಿ ಕಳಿಸುತ್ತಾರೆ. ನನ್ನನ್ನು ಓದಿಸಿದರು. ತುಂಗೆಯಿಂದ ನೀರು ಹೊತ್ತು, ಮುಸುರೆ ತಿಕ್ಕಿ, ಆ ಮನೆಯ ಹುಡುಗಿಗೆ ಜಡೆ ಹಾಕಿ, ಅವಳ ಚೀಲ ಹೊತ್ತುಕೊಂಡು ಹೋಗಿ ಶಾಲೆಗೆ ಬಿಟ್ಟಮೇಲೆ ಹೊತ್ತು ಉಳಿದರೆ ಓದಿಸಿದರು. ನಾಲ್ಕನೇ ಕ್ಲಾಸಿಗೆ ಅದೂ ನಿಂತಿತು. ಪತ್ರ ಬರೆಯುವಷ್ಟು ಅಕ್ಷರ ಹೇಗೋ ಉಳಿದುಕೊಂಡಿದೆ, ಅದು ನಿಮ್ಮ ದುರದೃಷ್ಟ. ನೀವು ಆ ಮಾತು ಆಡಿದ ದಿನವೇ ನಾನು ಎರಡು ನಿಶ್ಚಯ ಮಾಡಿಕೊಂಡೆ. ನನ್ನ ಮಗು ಯಾರ ಮನೆಯ ಹಿತ್ತಿಲಿಗೂ ಹೋಗಬಾರದು. ಮತ್ತೆ, ನಿಮಗೆ ನೋಯಬೇಕು. ಎರಡನೆಯದನ್ನು ಮುಚ್ಚಿಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಏಪ್ರಿಲ್ ರಜೆಗೆ ಶ್ಯಾಮಲಳನ್ನು ಕಳಿಸಿದಿರಿ, ಅವಳ ಜೊತೆಗೆ ಪಾರ್ಸೆಲ್ಲು. ಮೆಕರೋನಿ ಪೊಟ್ಟಣಗಳು, ಚೀಸಿನ ಡಬ್ಬಿಗಳು, ಮೇಲೊಂದು ಅಪ್ಪಣೆ. ಬೆಂಗಳೂರಿನಲ್ಲಿ ಈಗ ಮಕ್ಕಳ ಪಾರ್ಟಿಗೆ ಬಣ್ಣಬಣ್ಣದ ಮೆಕರೋನಿಯೇ ಫ್ಯಾಷನ್ನಂತೆ, ಅದನ್ನೇ ಮಾಡಬೇಕಂತೆ. ಬಣ್ಣ ಕಳಿಸುವುದನ್ನು ಮರೆತಿರಿ. ಮಾಡುವ ಕ್ರಮ ಹೇಳುವುದನ್ನೂ ಮರೆತಿರಿ. ಮೇ ತಿಂಗಳ ಕೊನೆಗೆ ಕಾರು ಬಂದು ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಹೋಗುತ್ತದೆ ಅನ್ನುವುದನ್ನು ಮಾತ್ರ ಮರೆಯದೆ ಹೇಳಿಕಳಿಸಿದ್ದಿರಿ. ನಾನು ಸೋಲಲಿ ಎಂದೇ ಕಳಿಸಿದ ಸಾಮಾನು ಅದು, ಅಷ್ಟು ತಿಳಿಯದ ಪೆದ್ದಿ ನಾನಲ್ಲ.

ಪೆದ್ದುತನವನ್ನೇನೂ ಮಾಡಲಿಲ್ಲ ಎಂದಲ್ಲ. ಮೊದಲ ಸಲ ಅವಲಕ್ಕಿ ನೆನೆಸುವ ಹಾಗೆ ಮೆಕರೋನಿಯನ್ನು ನೀರಿನಲ್ಲಿ ನೆನೆಸಿಟ್ಟೆ. ಅಂಟುಮುದ್ದೆಯಾಯಿತು. ಹಾಲು ಕೊಡುವ ಕೆರಿಯಮ್ಮನ ಎಮ್ಮೆಗೆ ಹಾಕಿದರೆ ಅದೂ ಮೂಸಿ ಮುಖ ತಿರುಗಿಸಿತು. ಎರಡನೇ ಸಲ ಅನ್ನ ಬಸಿಯುವ ಹಾಗೆ ಕುದಿಯುವ ನೀರಿಗೆ ಹಾಕಿ, ಬೆಂದಕೂಡಲೇ ಗಂಜಿ ಬಸಿದೆ, ಬಿಡಿಬಿಡಿಯಾಗಿ ಬಂತು. ಚೀಸಿನ ಡಬ್ಬಿ ತೆರೆದಾಗ ಆ ವಾಸನೆಗೆ ಇದು ಕೆಟ್ಟೇಹೋಗಿದೆ ಎಂದುಕೊಂಡು ಎಸೆಯಲು ಹೊರಟಿದ್ದೆ. ಶ್ಯಾಮಲ ಓಡಿಬಂದು "ಅತ್ತೇ, ಎಸೀಬೇಡಿ, ಅದ್ರ ವಾಸ್ನೇನೇ ಹಂಗೆ" ಎಂದು ಕೈ ಹಿಡಿದಳು. ಬಣ್ಣದ್ದೇ ದೊಡ್ಡ ಕಷ್ಟವಾಯಿತು. ಹಳದಿಗೆ ಅರಿಶಿನ ಇದೆ, ಹಸಿರಿಗೆ ಸೊಪ್ಪು ಅರೆದು ರಸ ಹಿಂಡಿದರಾಯಿತು. ಕೆಂಪಿಗೆ? ಆರತಿಯ ನೀರಿಗೆ ಅರಿಶಿನದ ಜೊತೆ ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ಹಾಗೆಯೇ ಎಲೆಅಡಿಕೆಯ ಸುಣ್ಣ ಒಂದು ಚಿಟಿಕೆ ಹಾಕಿ ಮೆಕರೋನಿಯನ್ನು ಅದ್ದಿದೆ. ಎಂಥ ಕೆಂಪು ಅಂತೀರಿ! ಹುಡುಗಿಯರಿಬ್ಬರೂ ಕುಣಿದಾಡಿದರು. ಚೀಸು ಕರಗಿಸಿ ಮೇಲೆ ಸುರಿದದ್ದೇ ತಡ, ಕೆಂಪೆಲ್ಲ ಕಣ್ಣೆದುರೇ ಹಳದಿಗೆ ತಿರುಗಿತು. ಪಾರ್ಟಿಗೆ ಇನ್ನು ನಾಲ್ಕೇ ದಿನ. ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಕುಸುಮ ಬಂದು ಸೆರಗಿನಲ್ಲಿ ನನ್ನ ಮೂಗು ಒರೆಸಿ, "ನಂಗೆ ಹಳದೀನೇ ಇಷ್ಟ ಅಮ್ಮಾ" ಅಂದಳು. ಅವಳಿಗೆ ಈ ಪಾರ್ಟಿಯ ಮೇಲೆ ಏನು ನಿಂತಿದೆಯೆಂದು ಗೊತ್ತಿರಲಿಲ್ಲ.

ಮಾರನೇ ದಿನ ಅದೇ ಕುಸುಮ ಬೇಲಿಯ ಬಸಳೆಹಣ್ಣು ಕಿವುಚಿ ತುಟಿಗೆ, ಕೆನ್ನೆಗೆ ಬಳಿದುಕೊಂಡು, "ನಾನು ಶಿವಮೊಗ್ಗದ ಅತ್ತೆ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ತಪ್ಪು ತಿಳಿಯಬೇಡಿ, ಬಹಳ ಚೆನ್ನಾಗಿ ನಿಮ್ಮ ಹಾಗೆಯೇ ನಿಂತಿದ್ದಳು. ಅವಳ ಲಂಗದ ಮೇಲಿನ ಕಲೆಯನ್ನು ಬಾರ್ ಸೋಪಿನಲ್ಲಿ ಉಜ್ಜಿದರೂ ಹೋಗಲಿಲ್ಲ. ಸೋಪಿಗೆ ಹೆದರದ ಬಣ್ಣ ಚೀಸಿಗೆ ಹೆದರೀತೇ ಎಂದುಕೊಂಡು ಹಣ್ಣಿನ ರಸ ಹಿಂಡಿ, ಬೆಂದ ಮೆಕರೋನಿಯನ್ನು ಅದರಲ್ಲಿ ಹೊರಳಿಸಿದೆ. ಹೆದರಲಿಲ್ಲ. ಮೂರು ಬಣ್ಣವನ್ನೂ ಬೇರೆಬೇರೆ ಪಾತ್ರೆಯಲ್ಲಿಟ್ಟು, ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹಾಕಿ, ಚೀಸು ತುರಿದು, ಕಾಳುಮೆಣಸಿನ ಪುಡಿ ಉದುರಿಸಿ ಸಾರಿನಷ್ಟು ತೆಳುವೂ ಅಲ್ಲದೆ ಗೊಜ್ಜಿನಷ್ಟು ಗಟ್ಟಿಯೂ ಅಲ್ಲದೆ ಹದ ಮಾಡಿದೆ. ಪ್ರತಿ ಸಲ ಸೌಟು ತಿರುವುವಾಗಲೂ ನಿಮ್ಮನ್ನು ನೆನೆಸಿಕೊಂಡೆ.

ಪಾರ್ಟಿ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು. ಬಾಳೆಲೆ ಹಾಕಲಿಲ್ಲ, ಕ್ಲಬ್ಬಿನಿಂದ ಪಿಂಗಾಣಿ ತಟ್ಟೆ ತರಿಸಿದ್ದೆ. ಬಿಳಿ ತಟ್ಟೆಯ ಮೇಲೆ ಹಳದಿ, ಹಸಿರು, ಕಡುಗೆಂಪು ಮೆಕರೋನಿ, ಮೇಲೆ ಚೀಸು. ಮಕ್ಕಳು ಒಬ್ಬರಿಗೊಬ್ಬರು ನಾಲಿಗೆ ಚಾಚಿ ಯಾರದು ಹೆಚ್ಚು ಕೆಂಪೆಂದು ಜಗಳವಾಡಿದವು. ಪಾತ್ರೆ ಕೆರೆದು ಕೆರೆದು ಬಡಿಸಿದೆ. ಹೋದ ವರ್ಷ ನಕ್ಕಿದ್ದ ಅದೇ ಹೆಂಗಸರು ತಮಗೂ ಮಾಡುವುದನ್ನು ಹೇಳಿಕೊಡಿ ಎಂದು ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೇಳಿಕೊಟ್ಟೆ, ಆದರೆ ನೆನೆಸುವ ವಿಷಯದಲ್ಲಿ ಸ್ವಲ್ಪ ಅವಲಕ್ಕಿಯ ಕ್ರಮವನ್ನೇ ಹೇಳಿದೆ. ಅವರೂ ಒಂದು ಸಲ ಎಮ್ಮೆಗೆ ಹಾಕಲಿ.

ಇನ್ನು ನಿಮ್ಮ ಮಗಳ ಮಾತು. ಊಟದ ನಡುವೆ ದೊಡ್ಡ ಎಂಜಿನಿಯರರ ಹೆಂಡತಿ ಶ್ಯಾಮಲಳ ಗಲ್ಲ ಹಿಡಿದು, ನಿಮ್ಮ ಮನೆಯಲ್ಲೂ ಅಮ್ಮ ಹೀಗೆಲ್ಲ ಮಾಡಿಕೊಡುತ್ತಾರಾ ಎಂದು ಕೇಳಿದರು. ಅವಳು ಬಾಯಲ್ಲಿದ್ದದ್ದನ್ನು ನುಂಗಿ, ಸಹಜವಾಗಿ ಹೇಳಿದಳು: "ಇಲ್ಲ ಆಂಟಿ, ಅಮ್ಮ ಅಡಿಗೆಮನೆಗೆ ಬರೋದೇ ಇಲ್ಲ. ಕೆಲ್ಸದ ಮಾಸ್ತಮ್ಮನೇ ಎಲ್ಲ ಮಾಡೋದು. ಕುಸುಮ ಬಂದು ಸ್ವಲ್ಪ ದೊಡ್ಡವಳಾದ್ರೆ ಮಾಸ್ತಮ್ಮನ್ನ ಬಿಡಿಸ್ತಾರಂತೆ. ಲೋಟ ತೊಳೆಯಕ್ಕೆ, ಅಮ್ಮನ ಕಾಲು ತಿಕ್ಕಕ್ಕೆ ಕುಸುಮ ಸಾಕಂತೆ." ನಿಮ್ಮ ತಮ್ಮ ಪಕ್ಕದಲ್ಲೇ ಬಾಳೆಹಣ್ಣು ಹಂಚುತ್ತಿದ್ದರು. ಹಂಚುವುದನ್ನು ಬಿಟ್ಟು ಗೊನೆಯನ್ನು ಕೆಳಗಿಟ್ಟರು. ಜನ ಹೋದಮೇಲೆ ಬಾಯಿಬಿಟ್ಟು ಅಂದದ್ದು ಒಂದೇ: "ನಾಳೆ ಹೆಡ್‌ಮಾಸ್ತರ ಮನೆಗೆ ಹೋಗಿ ಕುಸುಮನ ಹೆಸ್ರು ಇಲ್ಲಿನ ಶಾಲೇಲೇ ಹಚ್ಚಿಸ್ತೀನಿ." ಹಚ್ಚಿಸಿಯೂ ಬಂದರು.

ನಾನೇ ಹೇಳಿಕೊಟ್ಟೆ ಎಂದು ನೀವು ಹೇಳುತ್ತೀರಿ. ದೇವರಾಣೆಗೂ ಇಲ್ಲ. ನಿಮ್ಮ ಮಗಳು ಇಲ್ಲಿಗೆ ಬಂದ ಮಾರನೇ ದಿನವೇ ನನ್ನ ಪಕ್ಕ ಕೂತು ಬಟಾಣಿ ಸುಲಿಯುತ್ತಾ ಇದನ್ನೆಲ್ಲ ಹೇಳಿದ್ದಳು. ನಾನು ಮಾಡಿದ್ದಿಷ್ಟೆ. ದೊಡ್ಡವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಮಗಳೇ ಅಂದೆ. ಅವಳ ಕುರ್ಚಿಯನ್ನು ದೊಡ್ಡ ಎಂಜಿನಿಯರರ ಹೆಂಡತಿಯ ಪಕ್ಕ ಹಾಕಿಸಿದೆ. ಆಕೆಗೆ, "ಅವಳ ಮನೆ ಸುದ್ದಿ ಕೇಳಿ, ಎಷ್ಟು ಚಂದ ಮಾತಾಡ್ತಾಳೆ" ಅಂದೆ. ಬಾಳೆಗೊನೆಯನ್ನು ನಿಮ್ಮ ತಮ್ಮನ ಕೈಗೆ ಕೊಟ್ಟು ಆ ಕಡೆಯಿಂದ ಹಂಚಲು ಹೇಳಿದೆ. ಇಷ್ಟಾದಮೇಲೆ ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಮದುವೆಯಾಗಿ ಈ ಮನೆಗೆ ಬಂದಮೇಲೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮಂಡಿಯನ್ನು ನೋಡಿಕೊಳ್ಳಿ. ಮಳೆ ಹಿಡಿಯುವುದರೊಳಗೆ ಈ ಕಡೆ ಬರುವುದಾದರೆ ಬನ್ನಿ, ನಿಮಗೂ ಮೂರು ಬಣ್ಣದಲ್ಲಿ ಬಡಿಸುತ್ತೇನೆ. ಕುಸುಮ ನಿಮ್ಮ ಪಾದಕ್ಕೆ ನಮಸ್ಕಾರ ತಿಳಿಸಿದ್ದಾಳೆ. ನಿಮ್ಮ ತಮ್ಮ ಏನೂ ತಿಳಿಸಿಲ್ಲ.

ಇಂತು,
ಮೂಕಾಂಬಿಕಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಸೀತಾರಾಮಪ್ಪ ಭಾವನವರು ಸಾಗರದ ಕೋರ್ಟು ಕೆಲಸ ಮುಗಿಸಿ ಮೊನ್ನೆ ಇಲ್ಲಿಗೆ ಬಂದಿದ್ದರು. ಶ್ಯಾಮಲ ಅಪ್ಪನ ಕುತ್ತಿಗೆಗೆ ಜೋತುಬಿದ್ದು, "ನಾನು ಬರಲ್ಲ, ಇಲ್ಲೇ ಶಾಲೆಗೆ ಹೋಗ್ತೀನಿ" ಎಂದು ಹಟ ಹಿಡಿದಳು. "ಇಲ್ಲೇ ಇರ್ಲಿ ಬಿಡು ಮಾರಾಯ್ತಿ. ಅವ್ಳ ಅಮ್ಮಂಗೆ ನೀನೇ ಬರ್ದು ತಿಳ್ಸು, ನನ್ ಕೈಲಾಗಲ್ಲ" ಎಂದು ಭಾವನವರು ನನಗೇ ವಹಿಸಿ ಹೋದರು. ಶ್ಯಾಮಲಳ ಹೆಸರನ್ನೂ ಹಚ್ಚಿಸಿದ್ದೇವೆ. ಅವಳಿಂದ ಒಂದು ಲೋಟವನ್ನೂ ತೊಳೆಸುವುದಿಲ್ಲ, ಆ ಭಯ ಬೇಡ. ಆದರೆ ನಮ್ಮ ಅಮ್ಮ ಒಂದು ಸಲ ಅರಳಸುರಳಿಯಿಂದ ನಡೆದು ಬಂದು, ತೀರ್ಥಹಳ್ಳಿಯ ಆ ಮನೆಯ ಬಾಗಿಲಲ್ಲಿ ನಿಂತು, ಮಗಳನ್ನು ಕಳಿಸಿಕೊಡಿ ಎಂದು ಅಳುತ್ತಾ ಕೇಳಿದ್ದಳು. ಆ ಮನೆಯಾಕೆ ಕಾಫಿ ಕೊಟ್ಟು ಒಂದು ಮಾತು ಹೇಳಿ ಬರಿಗೈಯಲ್ಲಿ ಕಳಿಸಿದ್ದರು. ಕಾರು ಕಳಿಸಬೇಡಿ ಅತ್ತಿಗೆ. ಮಗಳು ಬೇಕಿದ್ದರೆ ನೀವೇ ಬಂದು ನನ್ನ ಬಾಗಿಲಲ್ಲಿ ನಿಂತು ಕೇಳಿ. ಕಾಫಿ ಕೊಡುತ್ತೇನೆ. ಆಮೇಲೆ ಆ ಮಾತನ್ನೇ ಹೇಳುತ್ತೇನೆ: "ಮಳೆಗಾಲ ಕಳೀಲಿ, ನೋಡಾಣ."